ಕಬ್ಬಿನ ಗದ್ದೆಯಲ್ಲಿ ಇನ್ಸುಲಿನ್ ಬೆಳೆಯಬಹುದೇ?

ಮಂಡ್ಯದ ಓದುಗರೊಬ್ಬರ ಪತ್ರ: "ಕುಲಾಂತರಿ ಗಿಡದಲ್ಲಿ ಔಷಧಿ ಬೆಳೀತಾರಂತೆ. ನನಗೆ ಸಕ್ಕರೆ ಕಾಯಿಲೆ. ಕಬ್ಬು ತೆಗೆದು ಇನ್ಸುಲಿನ್ ಬೆಳೆ ಹಾಕಿ, ದಿನಾ ಎರಡು ಎಲೆ ತಿಂದ್ರೆ ಸೂಜಿ ತಪ್ಪುತ್ತಾ? ಬೀಜ ಎಲ್ಲಿ ಸಿಗುತ್ತೆ?"

ಸಂಪಾದಕರ ಉತ್ತರ:

ಸೂಜಿ ತಪ್ಪುವುದಿಲ್ಲ ಸ್ವಾಮಿ. ಇನ್ಸುಲಿನ್ ಅಂದರೆ 51 ಅಮೈನೋ ಆಮ್ಲಗಳ ಪೆಪ್ಟೈಡ್, ಅಂದರೆ ಒಂದು ಪುಟ್ಟ ಪ್ರೋಟೀನ್. ಬಾಯಿಂದ ನುಂಗಿದರೆ ಸಾರಿನ ಬೇಳೆಯ ಹಾಗೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ. ಮೈಸೂರಿನ ಎಷ್ಟೋ ಹಿತ್ತಿಲಲ್ಲಿ 'ಇನ್ಸುಲಿನ್ ಗಿಡ' ಇದೆ, ಬೆಳಿಗ್ಗೆ ಎದ್ದು ಅದರ ಹುಳಿ ಎಲೆ ಅಗಿಯುವವರೂ ಇದ್ದಾರೆ. ಅದು ಕುಲಾಂತರಿಯೂ ಅಲ್ಲ, ಅಂದರೆ ಬೇರೆ ಜೀವಿಯ ಜೀನ್ ಸೇರಿಸಿ ಮಾಡಿದ ಗಿಡವಲ್ಲ. ಅದನ್ನು ನಂಬಿಕೊಂಡು ಡಾಕ್ಟರು ಹೇಳಿದ ಡೋಸ್ ಇಳಿಸಬೇಡಿ.

ಆದರೆ ನೀವು ಕೇಳಿದ ಸುದ್ದಿ ಸುಳ್ಳಲ್ಲ. 1982ರಿಂದ ಮಾರಾಟದಲ್ಲಿರುವ ಮಾನವ ಇನ್ಸುಲಿನ್ ಕುಲಾಂತರಿ ಸೂಕ್ಷ್ಮಜೀವಿಗಳಿಂದಲೇ ಬರುವುದು. ಅದೇ ಕೆಲಸವನ್ನು ಗಿಡದ ಕೈಲಿ ಮಾಡಿಸಬಹುದು. ಹೆಚ್ಚಾಗಿ ಬಳಸುವುದು ಬೆಂಥಾಮಿಯಾನ ಎಂಬ ಗಿಡ, ನಮ್ಮ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ದಾಯಾದಿ. ಬೇಕಾದ ಜೀನ್ ಹೊತ್ತ ಆಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಕಲಸಿದ ನೀರಿಗೆ ಗಿಡವನ್ನು ತಲೆಕೆಳಗಾಗಿ ಅದ್ದುತ್ತಾರೆ. ಪಂಪಿನಿಂದ ಗಾಳಿ ಎಳೆದು ಮತ್ತೆ ಬಿಟ್ಟರೆ ನೀರು ಎಲೆಯೊಳಗೆ ನುಗ್ಗುತ್ತದೆ, ನೆನೆದ ಬಟ್ಟೆಯ ಹಾಗೆ ಎಲೆ ಕಪ್ಪಗಾಗುತ್ತದೆ. ಬ್ಯಾಕ್ಟೀರಿಯಾ ಆ ಜೀನನ್ನು ಎಲೆಯ ಕೋಶಗಳಿಗೆ ದಾಟಿಸುತ್ತದೆ, ಎಲೆ ಔಷಧಿ ತಯಾರಿಸುತ್ತದೆ. ಕೆಲವೇ ದಿನಕ್ಕೆ ಕೊಯ್ದು ಅರೆಯುತ್ತಾರೆ. ಆ ಹಸಿರು ರಸದಿಂದ ಔಷಧಿಯೊಂದನ್ನೇ ಬೇರ್ಪಡಿಸಬೇಕು, ದುಡ್ಡು ಜಾಸ್ತಿ ಹೋಗುವುದು ಅಲ್ಲೇ. ಗಿಡ ಬೆಳೆಸುವುದು ಅಗ್ಗದ ಬಾಬ್ತು!

ಗೆದ್ದ ಉದಾಹರಣೆಯೂ ಇದೆ. ಇಸ್ರೇಲಿನ ಪ್ರೊಟಾಲಿಕ್ಸ್ ಕಂಪನಿ ಕ್ಯಾರೆಟ್ ಕೋಶಗಳಿಂದ ತೆಗೆದ, ಗೌಶೆ ಎಂಬ ಅಪರೂಪದ ಆನುವಂಶಿಕ ಕಾಯಿಲೆಯ ಔಷಧಿಗೆ 2012ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದೂ ಹೊಲದಲ್ಲಿ ಬೆಳೆದದ್ದಲ್ಲ. ಪ್ಲಾಸ್ಟಿಕ್ ಚೀಲದ ದ್ರವದಲ್ಲಿ ಬೆಳೆಸಿದ ಕೋಶಗಳು. ಕುಸುಬೆ ಬೀಜದಲ್ಲಿ ಇನ್ಸುಲಿನ್ ತೆಗೆಯಲು ಕೆನಡಾದ ಸೆಂಬಯೋಸಿಸ್ ಹೊರಟಿತ್ತು, ಮಾರುಕಟ್ಟೆ ಮುಟ್ಟಲಿಲ್ಲ.

ಬಯಲಲ್ಲಿ ಬೆಳೆದರೆ ಏನಾಗುತ್ತದೆ ಅನ್ನುವುದಕ್ಕೆ 2002ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಆದದ್ದು ನೋಡಿ. ಹಂದಿ ಲಸಿಕೆಗೆಂದು ಪ್ರೊಡಿಜೀನ್ ಕಂಪನಿ ಬೆಳೆಸಿದ್ದ ಕುಲಾಂತರಿ ಮುಸುಕಿನ ಜೋಳದ ಉದುರು ಕಾಳು ಮುಂದಿನ ವರ್ಷ ಸೋಯಾ ಹೊಲದಲ್ಲಿ ಮೊಳೆತವು. ಸೋಯಾ ಜೊತೆ ಕೊಯ್ಲಾಗಿ ಗೋದಾಮು ಸೇರಿದವು. ಸುಮಾರು 5 ಲಕ್ಷ ಬುಷೆಲ್ (ಹದಿಮೂರು ಸಾವಿರ ಟನ್ನಿಗೂ ಹೆಚ್ಚು) ಸೋಯಾವನ್ನೇ ನಾಶ ಮಾಡಬೇಕಾಯಿತು. ಒಂದೇ ನಾಲೆ ನೀರು, ಬದು ಪಕ್ಕ ಬದು ಇರುವ ನಮ್ಮ ಗದ್ದೆಗಳಲ್ಲಿ ಇದನ್ನು ಕಾಯುವವರು ಯಾರು? ನನ್ನ ಮಟ್ಟಿಗೆ ಇದು ಬಾಗಿಲು ಹಾಕಿದ ಗಾಜಿನಮನೆಯ ಕೆಲಸ.

ಇನ್ನು ಬೀಜದ ವಿಷಯ. ನಮ್ಮ ದೇಶದಲ್ಲಿ ಯಾವ ಕುಲಾಂತರಿ ಬೆಳೆಗೂ ಕೇಂದ್ರದ ಜಿಇಎಸಿ (ಜೆನೆಟಿಕ್ ಎಂಜಿನಿಯರಿಂಗ್ ಮೌಲ್ಯಮಾಪನ) ಸಮಿತಿಯ ಪರಿಶೀಲನೆ ಆಗಲೇಬೇಕು. ಯಾರಾದರೂ ಔಷಧಿ ಬೀಜ ಅಂತ ಮನೆ ಬಾಗಿಲಿಗೆ ಬಂದರೆ ಅಡ್ವಾನ್ಸ್ ಕೊಡಬೇಡಿ. ಬೀಜದ ಚೀಲದ ಚೀಟಿ ಕಿತ್ತುಕೊಂಡು ಮಂಡ್ಯದ ವಿ.ಸಿ. ಫಾರ್ಮಿನ ಕೃಷಿ ಸಂಶೋಧನಾ ಕೇಂದ್ರದವರಿಗೆ ತೋರಿಸಿ.