ಬಡಗಿಯೋ, ಕಂಪನಿಯೋ: ವಾರ್ಡ್‌ರೋಬ್ ಪ್ರಶ್ನೆಗೆ ಉತ್ತರ

ಏಳಡಿ ಅಗಲದ ಗೋಡೆಗೆ ವಾರ್ಡ್‌ರೋಬ್ ಮಾಡಿಸಬೇಕು, ಬಡಗಿಗೂ ಇಂಟೀರಿಯರ್ ಕಂಪನಿಗೂ ಚದರಡಿ ದರದಲ್ಲಿ ಏಕಿಷ್ಟು ಅಂತರ ಎಂದು ಕೇಳಿದ್ದೀರಿ. ನಾನಾಗಿದ್ದರೆ ಬಡಗಿಗೇ ಕೊಡುತ್ತೇನೆ, ಆದರೆ ಪ್ಲೈವುಡ್ ಮಾತ್ರ ನಾನೇ ನಿಂತು ಕೊಳ್ಳುತ್ತೇನೆ. ರಾಜಾಜಿನಗರದ ನಮ್ಮ ಮನೆಯಲ್ಲಿ ಅದನ್ನೂ ಬಡಗಿಗೇ ಬಿಟ್ಟಿದ್ದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಚ್ಚಲುಮನೆಯ ಗೋಡೆಗೆ ತಾಗಿದ್ದ ಭಾಗ ಹಪ್ಪಳದಂತೆ ಉಬ್ಬಿತು!

ಪ್ಲೈವುಡ್ ಕೊಳ್ಳಲು ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಗೆ ಒಮ್ಮೆ ಹೋಗಿಬನ್ನಿ. ಹಾಳೆಯ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 303 ಎಂದಿದ್ದರೆ ಸಾಮಾನ್ಯ ಬಳಕೆಯದು, 710 ಎಂದಿದ್ದರೆ ತೇವ ತಡೆಯುವ ಮರೈನ್ ಪ್ಲೈ. ವಾರ್ಡ್‌ರೋಬಿನ ಪೆಟ್ಟಿಗೆಗೆ 18 ಮಿ.ಮೀ. ದಪ್ಪ ಇರಲಿ. ತೇವದ ಗೋಡೆಯಿದ್ದರೆ 710 ಬಿಟ್ಟು ಬೇರೆ ಬೇಡ.

ದರದ ಗುಟ್ಟು ಅಳತೆಯಲ್ಲಿದೆ. ಸಾಮಾನ್ಯವಾಗಿ ಮುಂಭಾಗವನ್ನಷ್ಟೇ ಅಳೆಯುತ್ತಾರೆ: ಏಳಡಿ ಅಗಲ, ಏಳಡಿ ಎತ್ತರ ಎಂದರೆ 49 ಚದರಡಿ. ಒಳಗಿನ ಡ್ರಾಯರ್, ಕೀಲು, ಅಟ್ಟ, ಪ್ಲೈ ಮೇಲೆ ಅಂಟಿಸುವ ಲ್ಯಾಮಿನೇಟ್ ಹಾಳೆ ಇವು ಸೇರಿವೆಯೇ ಎಂದು ಬರೆಸಿಕೊಳ್ಳದೆ ಎರಡು ದರಗಳನ್ನು ಹೋಲಿಸಿ ಪ್ರಯೋಜನವಿಲ್ಲ.

ಆಳ ಎರಡಡಿ ಇರಲೇಬೇಕು, ಇಲ್ಲದಿದ್ದರೆ ಹ್ಯಾಂಗರಿನ ಅಂಗಿಯ ತೋಳು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಜಾರುವ ಬಾಗಿಲು ಅದರಲ್ಲೂ ಮೂರು ನಾಲ್ಕು ಇಂಚು ತಿನ್ನುತ್ತದೆ. ರೇಷ್ಮೆ ಸೀರೆಗಳಿಗೆ ಹ್ಯಾಂಗರ್ ಬೇಡ, ಹಲಗೆಯೇ ಲೇಸು (ನಮ್ಮ ಅಮ್ಮನ ತೀರ್ಪು, ಮೇಲ್ಮನವಿ ಇಲ್ಲ).

ಹಣವನ್ನು ಕಂತುಗಳಲ್ಲಿ ಕೊಡಿ. ಕೊನೆಯ ಕಂತು ಬಾಗಿಲುಗಳೆಲ್ಲ ಸಮವಾಗಿ ಮುಚ್ಚಿದ ಮೇಲೆ.