ಟಿಎನ್‌ಎ ಬೆಳೆದಿದೆಯಾ, ಬಾಲಂಗೋಚಿ ಆಗಿದೆಯಾ?

ಅಮೆರಿಕದ ಚಿಕ್ಕ ರೆಸ್ಲಿಂಗ್ ಕಂಪನಿ ಟಿಎನ್‌ಎ ಮತ್ತು ಅಲ್ಲಿಯ ದೊಡ್ಡಣ್ಣ ಡಬ್ಲ್ಯೂಡಬ್ಲ್ಯೂಇ ಬಗ್ಗೆ ಡೊಂಬಿವಲಿಯ ಓದುಗರೊಬ್ಬರ ಪತ್ರ, ಸ್ವಲ್ಪ ಮೊಟಕು ಮಾಡಿ:

"ಸಂಪಾದಕರೇ, ನಾನೂ ಪುಣೆಯಲ್ಲಿರುವ ನನ್ನ ಭಾವನೂ ಚಿಕ್ಕಂದಿನಿಂದ ರೆಸ್ಲಿಂಗ್ ಹುಚ್ಚರು. ಡಬ್ಲ್ಯೂಡಬ್ಲ್ಯೂಇ ಜೊತೆ ಕೈಜೋಡಿಸಿದ ಮೇಲೆ ಟಿಎನ್‌ಎ ಬೆಳೆದಿದೆ, ಜನ ಬರುತ್ತಿದ್ದಾರೆ ಅಂತ ನಾನು. ತಮ್ಮ ಚಾಂಪಿಯನ್ ಬೆಲ್ಟನ್ನೇ ಎತ್ತಿ ಅವರ ಕೈಗೆ ಕೊಟ್ಟ ಮೇಲೆ ಬೆಳೆಯುವುದೇನು ಬಂತು, ಅದು ದೊಡ್ಡವರ ಬಾಲಂಗೋಚಿ ಅಂತ ಭಾವ. ಹಬ್ಬಕ್ಕೆ ಸೇರಿದಾಗಲೂ ಇದೇ ಜಗಳ. ಮನೆಯವರಿಗೆ ಸಾಕಾಗಿ ಹೋಗಿದೆ. ನೀವೇ ಹೇಳಿ, ಯಾರು ಸರಿ?"

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜನ ಬಂದದ್ದು ನಿಜ, ಅಷ್ಟರ ಮಟ್ಟಿಗೆ ನೀವು ಸರಿ. ಆದರೆ ಕೇಳಬೇಕಾದ ಪ್ರಶ್ನೆ ಕೇಳುತ್ತಿರುವುದು ನಿಮ್ಮ ಭಾವ. ಉತ್ತರ ಮಾತ್ರ ಅವಸರದಲ್ಲಿ ಕೊಟ್ಟಿದ್ದಾರೆ.

"ಇದೆಲ್ಲ ಮೊದಲೇ ಬರೆದಿಟ್ಟ ಆಟ ಅಲ್ವಾ, ಬೆಲ್ಟ್ ಯಾರ ಸೊಂಟದಲ್ಲಿದ್ದರೇನು" ಅನ್ನುವ ಓದುಗರೂ ಇದ್ದಾರೆ. ಬರೆದಿಟ್ಟ ಆಟ ಆದ್ದರಿಂದಲೇ ಅದು ಮುಖ್ಯ ಸ್ವಾಮಿ. ಅದನ್ನು ಯಾರೂ ತೋಳ್ಬಲದಿಂದ ಗೆಲ್ಲುವುದಿಲ್ಲ, ಒಳಗೆ ಕೂತು ಕಥೆ ಬರೆಯುವವರು ಕೊಡುತ್ತಾರೆ. ಹಾಗಾಗಿ ಬೆಲ್ಟ್ ಎಲ್ಲಿಗೆ ಹೋಯಿತು ಅಂತ ನೋಡಿದರೆ ಒಳಗೆ ಯಾರ ಮಾತು ನಡೆಯುತ್ತದೆ ಅನ್ನುವುದು ಗೊತ್ತಾಗುತ್ತದೆ.

ನಡೆದದ್ದೇನು ಅಂತ ಒಮ್ಮೆ ನೋಡೋಣ. ಟಿಎನ್‌ಎ ಶುರುವಾದದ್ದು 2002ರಲ್ಲಿ, ಜೆಫ್ ಜ್ಯಾರೆಟ್ ಮತ್ತು ಅವನ ಅಪ್ಪ ಸೇರಿ ಕಟ್ಟಿದ್ದು. 2010ರಲ್ಲಿ ಹಲ್ಕ್ ಹೋಗನ್‌ನನ್ನು ಕರೆತಂದು ಸೋಮವಾರ ರಾತ್ರಿ ಡಬ್ಲ್ಯೂಡಬ್ಲ್ಯೂಇಯ ವಾರದ ಶೋ 'ರಾ' ಎದುರಿಗೇ ನಿಂತರು, ಕೆಲವೇ ತಿಂಗಳಲ್ಲಿ ಸುಸ್ತಾಗಿ ಹಳೇ ಗುರುವಾರಕ್ಕೆ ವಾಪಸ್ಸಾದರು. ಆಮೇಲೆ ಚಾನೆಲ್ ಮೇಲೆ ಚಾನೆಲ್ ಬದಲು, 2017ರಲ್ಲಿ ಮಾಲೀಕರು ಬದಲು, ಹೆಸರೂ ಬದಲು. 2024ರ ಜನವರಿಯಲ್ಲಿ ಮತ್ತೆ ಟಿಎನ್‌ಎ ಅಂತ ಹಳೇ ಹೆಸರಿಗೆ ಬಂದರು. ಅದೇ ತಿಂಗಳು ಅವರ ಮಹಿಳಾ ಚಾಂಪಿಯನ್ ಜೋರ್ಡಿನ್ ಗ್ರೇಸ್ ಡಬ್ಲ್ಯೂಡಬ್ಲ್ಯೂಇಯ ದೊಡ್ಡ ಶೋ ರಾಯಲ್ ರಂಬಲ್‌ಗೆ ಕಾಲಿಟ್ಟಳು. ವರ್ಷ ಕಳೆದು 2025ರ ಜನವರಿಯಲ್ಲಿ ಹಲವು ವರ್ಷಗಳ ಒಪ್ಪಂದ ಅಂತ ಎರಡೂ ಕಡೆಯವರು ಘೋಷಿಸಿದರು. ಮಜಾ ನೋಡಿ, ಅದೇ ತಿಂಗಳು ಜೋರ್ಡಿನ್ ಗ್ರೇಸ್ ಡಬ್ಲ್ಯೂಡಬ್ಲ್ಯೂಇಯ ಉದ್ಯೋಗಿಯೇ ಆಗಿಬಿಟ್ಟಳು.

ಈಗ ನಿಮ್ಮಿಬ್ಬರ ಜಗಳದ ಮೂಲಕ್ಕೆ ಬರುತ್ತೇನೆ. 2025ರ ಏಪ್ರಿಲ್, ಲಾಸ್ ವೇಗಸ್, ಡಬ್ಲ್ಯೂಡಬ್ಲ್ಯೂಇಯ ಅತಿ ದೊಡ್ಡ ಶೋ ರೆಸಲ್‌ಮೇನಿಯಾದ ಎರಡನೇ ರಾತ್ರಿ. ಅವರ ಹಳೇ ತಾರೆ ರ‍್ಯಾಂಡಿ ಆರ್ಟನ್ ರಿಂಗ್‌ನಲ್ಲಿ ನಿಂತು ತನಗೆ ಎದುರಾಳಿ ಬೇಕು ಅನ್ನುತ್ತಾನೆ. ಜೋ ಹೆಂಡ್ರಿಯ ಹಾಡು ಶುರುವಾಗುತ್ತದೆ. 60,000ಕ್ಕೂ ಜಾಸ್ತಿ ಜನ ಕೈ ಎತ್ತಿ ಆ ಕಡೆ ಈ ಕಡೆ ಬೀಸುತ್ತಾರೆ, ಇವನು ಅಲ್ಲಿಯ ಕಂಪನಿಯವನೇ ಅಲ್ಲದಿದ್ದರೂ ಹಾಡಿನ ಸಾಲು ಎಲ್ಲರ ಬಾಯಲ್ಲೂ ಇದೆ. ಆಗ ಅವನು ಟಿಎನ್‌ಎ ವರ್ಲ್ಡ್ ಚಾಂಪಿಯನ್. ಹಾಡು, ಕೈಬೀಸು, ನಗು, ಮೂರು ನಿಮಿಷದ ಆಸುಪಾಸಿನಲ್ಲಿ ಆರ್ಟನ್‌ನ ಪ್ರಸಿದ್ಧ ಪಟ್ಟು, ಒಂದು ಆರ್‌ಕೆಓ. ಅಷ್ಟೇ ಕಥೆ. ಮುಗಿದ ಮೇಲೆ ಬಡಪಾಯಿಗೆ ಇನ್ನೊಂದು ಆರ್‌ಕೆಓ ಬೇರೆ.

ನೀವು ಆ 60,000 ಜನರ ಕೈ ನೋಡುತ್ತೀರಿ. ಭಾವ ಆ ಮೂರು ನಿಮಿಷ ನೋಡುತ್ತಾರೆ. ಇಬ್ಬರೂ ನೋಡಿದ್ದು ಒಂದೇ ಮ್ಯಾಚ್.

ನನಗೆ ಕಸಿವಿಸಿ ಆದದ್ದು ಸೋಲಿಗಲ್ಲ. ಆರ್ಟನ್ ಎದುರು ಸೋಲುವುದೇನು ಅವಮಾನ ಅಲ್ಲ. ಆದರೆ ಒಂದು ಕಂಪನಿಯ ಅತಿ ದೊಡ್ಡ ಚಾಂಪಿಯನ್ ಇನ್ನೊಬ್ಬರ ಮನೆಯಲ್ಲಿ ನಗಿಸಿ ಹೋಗುವ ಪಾತ್ರಧಾರಿ ಆದರೆ, ಮರುವಾರ ತನ್ನ ಮನೆಯಲ್ಲಿ ಅವನನ್ನು ಯಾರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ? ಐದು ವಾರದಲ್ಲಿ, ಮೇ 25ರಂದು, ಡಬ್ಲ್ಯೂಡಬ್ಲ್ಯೂಇಯ ಕಿರಿಯರ ಪಡೆ ಎನ್‌ಎಕ್ಸ್‌ಟಿಯ ಬ್ಯಾಟಲ್‌ಗ್ರೌಂಡ್ ಶೋನಲ್ಲಿ ಟ್ರಿಕ್ ವಿಲಿಯಮ್ಸ್ ಅವನಿಂದ ಬೆಲ್ಟ್ ಕಿತ್ತುಕೊಂಡ. ಟಿಎನ್‌ಎಯ ಮುಖ್ಯ ಬೆಲ್ಟ್, ಡಬ್ಲ್ಯೂಡಬ್ಲ್ಯೂಇಯ ಹುಡುಗನ ಕೈಗೆ, ಅದೂ ಡಬ್ಲ್ಯೂಡಬ್ಲ್ಯೂಇಯ ಶೋನಲ್ಲಿ. ಭಾವನಿಗೆ ಪಿತ್ತ ನೆತ್ತಿಗೇರಿದ್ದು ಇಲ್ಲೇ ಅಂತ ಕಾಣುತ್ತದೆ.

ಆದರೆ ಅಲ್ಲಿಗೇ ನಿಲ್ಲಿಸಿದರೆ ಅರ್ಧ ಕಥೆ. ಜುಲೈ 20ರಂದು ನ್ಯೂಯಾರ್ಕ್ ಪಕ್ಕದ ಎಲ್ಮಾಂಟ್‌ನಲ್ಲಿ ಟಿಎನ್‌ಎಯ ದೊಡ್ಡ ಶೋ ಸ್ಲ್ಯಾಮಿವರ್ಸರಿ ನಡೆಯಿತು. 7,000ಕ್ಕೂ ಜಾಸ್ತಿ ಜನ. ಅಮೆರಿಕದಲ್ಲಿ ತಮ್ಮ ಇತಿಹಾಸದಲ್ಲೇ ದೊಡ್ಡ ಜನಸಂದಣಿ ಅಂತ ಟಿಎನ್‌ಎ ಹೇಳಿಕೊಂಡಿತು. ಆ ರಾತ್ರಿಯೂ ಟ್ರಿಕ್ ವಿಲಿಯಮ್ಸ್ ಬೆಲ್ಟ್ ಉಳಿಸಿಕೊಂಡ, ಮಹಿಳೆಯರ ಬೆಲ್ಟನ್ನೂ ಎನ್‌ಎಕ್ಸ್‌ಟಿಯ ಜೇಸಿ ಜೇನ್ ಎತ್ತಿಕೊಂಡು ಹೋದಳು. ಎರಡೂ ದೊಡ್ಡ ಬೆಲ್ಟ್ ಹೊರಗಿನವರ ಹತ್ತಿರ! ಅದೇ ರಾತ್ರಿ ಲಿಯಾನ್ ಸ್ಲೇಟರ್ ಅನ್ನುವ 20 ವರ್ಷದ ಹುಡುಗ ಟಿಎನ್‌ಎಯ ಇನ್ನೊಂದು ಬೆಲ್ಟ್, ಎಕ್ಸ್ ಡಿವಿಷನ್ ಬೆಲ್ಟ್ ಗೆದ್ದ, ಅವನನ್ನು ಹರಸಲು ಎಜೆ ಸ್ಟೈಲ್ಸ್ ಬಂದ. ಸ್ಟೈಲ್ಸ್ ಟಿಎನ್‌ಎಯಲ್ಲೇ ಹೆಸರು ಮಾಡಿ ಡಬ್ಲ್ಯೂಡಬ್ಲ್ಯೂಇಗೆ ಹೋದವನು, ಒಪ್ಪಂದ ಇಲ್ಲದಿದ್ದರೆ ಆ ರಿಂಗ್‌ಗೆ ಬರುತ್ತಲೇ ಇರಲಿಲ್ಲ. ಈ ಒಪ್ಪಂದದ ಲಾಭ ತೋರಿಸಿ ಅಂತ ಯಾರಾದರೂ ಕೇಳಿದರೆ 7,000ದ ಲೆಕ್ಕ ಬಿಡಿ, ಸ್ಲೇಟರ್ ಪಕ್ಕ ಸ್ಟೈಲ್ಸ್ ನಿಂತದ್ದನ್ನು ತೋರಿಸಿ. ಅದರಿಂದ ಹೆಸರು ಬಂದದ್ದು ಟಿಎನ್‌ಎಯ ಸ್ವಂತ ಹುಡುಗನಿಗೆ.

ಅಕ್ಟೋಬರ್ 12ರಂದು ಟಿಎನ್‌ಎಯ ಇನ್ನೊಂದು ದೊಡ್ಡ ಶೋ ಬೌಂಡ್ ಫಾರ್ ಗ್ಲೋರಿಯಲ್ಲಿ ಮೈಕ್ ಸ್ಯಾಂಟಾನ ವಿಲಿಯಮ್ಸ್‌ನನ್ನು ಸೋಲಿಸಿ ಬೆಲ್ಟ್ ಮನೆಗೆ ತಂದ. ಹೊರಗಿನವನು ನಾಲ್ಕೂವರೆ ತಿಂಗಳು ಮೆರೆದದ್ದಕ್ಕೇ ಆ ಗೆಲುವಿಗೆ ಅಷ್ಟು ತೂಕ ಬಂತು. ಬರೆದವರು ಇದನ್ನು ಮೊದಲೇ ಯೋಚಿಸಿದ್ದರೆ ಶಹಬ್ಬಾಸ್ ಅನ್ನಬೇಕು. 2026ರ ಜನವರಿಯಿಂದ ಅವರ ವಾರದ ಶೋ ಅಮೆರಿಕದ ಎಎಂಸಿ ಚಾನೆಲ್‌ಗೆ ಬಂದಿದೆ, ಅದೂ ಅಲ್ಲಿ ಸಣ್ಣ ಮಾತಲ್ಲ.

ನಮ್ಮೂರಿನ ಲೆಕ್ಕದಲ್ಲೇ ಹೇಳುವುದಾದರೆ, ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ಮುಂಬೈಗೆ ಬರುತ್ತವಲ್ಲ, ಆಗ ಇಲ್ಲಿನ ಚಿಕ್ಕ ತಂಡವೊಂದು ಊರಿನ ಹೆಸರಾಂತ ಭಾಗವತರನ್ನು ಅತಿಥಿಯಾಗಿ ಕರೆದು ಆಟ ಇಟ್ಟರೆ ಹಾಲ್ ತುಂಬಿ ಜನ ಬಾಗಿಲಲ್ಲಿ ನಿಲ್ಲುತ್ತಾರೆ. ಆ ರಾತ್ರಿಯ ಕಲೆಕ್ಷನ್ ನೋಡಿ ತಂಡ ಬೆಳೆಯಿತು ಅಂತ ಯಾರೂ ಅನ್ನುವುದಿಲ್ಲ. ಮುಂದಿನ ಸಲ ಇಲ್ಲಿನ ಹುಡುಗರೇ ಬಣ್ಣ ಹಚ್ಚಿ ಕುಣಿದಾಗ ಎಷ್ಟು ಕುರ್ಚಿ ತುಂಬಿತು ಅಂತ ನೋಡುತ್ತೇವೆ. ಟಿಎನ್‌ಎಯನ್ನೂ ಹಾಗೇ ನೋಡಿ. ಎನ್‌ಎಕ್ಸ್‌ಟಿಯವರ ಫೋಟೋ ಇಲ್ಲದ ಪೋಸ್ಟರ್‌ಗೆ ಎಷ್ಟು ಟಿಕೆಟ್ ಹೋಗುತ್ತದೆ, ಅದನ್ನು ಭಾವನಿಗೆ ತೋರಿಸಿ. ಬೇರೆ ಅಂಕಿಸಂಖ್ಯೆ ಬೇಡ.

ಭಾವನಿಗೆ ಭಯ ಇರುವುದು ಸುಮ್ನೆ ಅಲ್ಲ. 1997ರಲ್ಲಿ ಇಸಿಡಬ್ಲ್ಯೂ ಅನ್ನುವ ಚಿಕ್ಕ ಕಂಪನಿಯ ಹುಡುಗರನ್ನು ಡಬ್ಲ್ಯೂಡಬ್ಲ್ಯೂಇಯವರು ರಾಗೆ ಕರೆತಂದರು, ಹಣದ ನೆರವೂ ಕೊಟ್ಟರು, ಅದೇ ವರ್ಷ ಇಸಿಡಬ್ಲ್ಯೂ ತನ್ನ ಮೊದಲ ಪೇ ಪರ್ ವ್ಯೂ, ಅಂದರೆ ಟಿವಿಯಲ್ಲಿ ದುಡ್ಡು ಕೊಟ್ಟು ನೋಡುವ ಶೋ ಮಾಡಿತು. 2001ರಲ್ಲಿ ದಿವಾಳಿ. 2003ರಲ್ಲಿ ಅದರ ಹೆಸರು, ಟೇಪು, ಎಲ್ಲ ಡಬ್ಲ್ಯೂಡಬ್ಲ್ಯೂಇ ಪಾಲಾಯಿತು. ಎವಾಲ್ವ್ ಅನ್ನುವ ಇನ್ನೊಂದು ಚಿಕ್ಕ ಕಂಪನಿಯದೂ ಅದೇ ಹಾಡು. 2019ರಲ್ಲಿ ಅದರ ಹತ್ತನೇ ವರ್ಷದ ಶೋವನ್ನು ಡಬ್ಲ್ಯೂಡಬ್ಲ್ಯೂಇ ತನ್ನ ನೆಟ್‌ವರ್ಕ್‌ನಲ್ಲಿ ತೋರಿಸಿತು, ಅಭಿಮಾನಿಗಳು ಕುಣಿದಾಡಿದರು. ಮುಂದಿನ ಜುಲೈಗೆ ಅಂಗಡಿ ಬಂದ್, ಕೊಂಡವರು ಅವರೇ. ಕೊರೋನಾ ಹೊಡೆತವೂ ಇತ್ತು ಅನ್ನಿ. ಮೆಕ್ಸಿಕೋದ ರೆಸ್ಲಿಂಗ್ ಕಂಪನಿ ಎಎಎಯನ್ನಂತೂ 2025ರಲ್ಲಿ ನೇರವಾಗಿ ಖರೀದಿಯೇ ಮಾಡಿದರು, ಅಲ್ಲಿ ಪಾಲುದಾರಿಕೆಯ ನಾಟಕವೂ ಇಲ್ಲ. ಇನ್ನು ಅಮೆರಿಕದ ಲೂಯಿವಿಲ್‌ನ ಚಿಕ್ಕ ಕಂಪನಿ ಓವಿಡಬ್ಲ್ಯೂ, ಜಾನ್ ಸೀನಾ, ಬ್ರಾಕ್ ಲೆಸ್ನರ್, ಬಟಿಸ್ಟಾ, ಅದೇ ಆರ್ಟನ್, ಎಲ್ಲರೂ ಪಳಗಿದ ಜಾಗ. 2008ರಲ್ಲಿ ಡಬ್ಲ್ಯೂಡಬ್ಲ್ಯೂಇ ಕೈಬಿಟ್ಟಿತು. ಓವಿಡಬ್ಲ್ಯೂ ಸಾಯಲಿಲ್ಲ, ಆದರೆ ಆ ಕಾಲ ಮತ್ತೆ ಬರಲಿಲ್ಲ.

ಒಂದು ಮಾತು ನಿಮ್ಮ ಭಾವನಿಗೆ ನೆನಪಿಸಿ, ಅವರು ಪುಣೆಯಲ್ಲೇ ಇದ್ದಾರಲ್ಲ. ಒಂದು ಕಾಲದಲ್ಲಿ ಈ ಟಿಎನ್‌ಎಯೇ ದೊಡ್ಡಣ್ಣ ಆಗಿತ್ತು. 2011ರ ಡಿಸೆಂಬರ್‌ನಲ್ಲಿ ಬಾಲೆವಾಡಿಯ ಶಿವ ಛತ್ರಪತಿ ಕ್ರೀಡಾ ಸಂಕುಲದಲ್ಲಿ, ಬ್ಯಾಡ್ಮಿಂಟನ್ ಹಾಲ್‌ನಲ್ಲಿ ರಿಂಗ್ ಹಾಕಿ 'ರಿಂಗ್ ಕಾ ಕಿಂಗ್' ಅನ್ನುವ ರೆಸ್ಲಿಂಗ್ ಶೋ ರೆಕಾರ್ಡ್ ಮಾಡಿದ್ದು ಅವರೇ. 2012ರ ಜನವರಿಯಿಂದ ಏಪ್ರಿಲ್‌ವರೆಗೆ ಕಲರ್ಸ್‌ನಲ್ಲಿ ಬಂತು, ಹಿಂದಿ ಕಾಮೆಂಟರಿ, ಪ್ರಚಾರಕ್ಕೆ ಹರ್ಭಜನ್ ಸಿಂಗ್. ಜೆಫ್ ಜ್ಯಾರೆಟ್ ಖಳನಾಯಕ, ಆರ್‌ಡಿಎಕ್ಸ್ ಅಂತ ಅವನ ಗ್ಯಾಂಗ್, ಅದರಲ್ಲಿ ಸ್ಕಾಟ್ ಸ್ಟೈನರ್. ನಮ್ಮ ದೇಶದ ಹುಡುಗರಿಗೆ ಹೊರಗಿನ ಪಳಗಿದವರ ಜೊತೆ ರಿಂಗ್ ಹಂಚಿಕೊಳ್ಳುವ ಅವಕಾಶ ಸಿಕ್ಕಿತು. ಒಂದೇ ಸೀಸನ್. ಎರಡನೆಯದು ಬರಲೇ ಇಲ್ಲ. ಪೆಟ್ಟಿಗೆ ಕಟ್ಟಿಕೊಂಡು ಹೋಗುವಾಗ ಜೊತೆಗೆ ಒಯ್ದದ್ದು ಆ ಶೋನಲ್ಲಿ ಆಡಿದ ನಮ್ಮ ಹುಡುಗ ಮಹಾಬಲಿ ವೀರನನ್ನು. ಅವನೇ ಆಮೇಲೆ ಮಹಾಬಲಿ ಶೇರಾ ಆಗಿ ಅಮೆರಿಕದಲ್ಲಿ ಕುಸ್ತಿ ಆಡಿದ. 2017ರಲ್ಲಿ ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಮತ್ತೆ ಶೋ ರೆಕಾರ್ಡ್ ಮಾಡಿದರು, ಆಗಲೂ ಅವನೇ ಇಲ್ಲಿಯ ಮುಖ. ಆ ಸಲ ಇಲ್ಲಿ ಕಂಪನಿ ಕಟ್ಟುವ ಮಾತೇ ಇರಲಿಲ್ಲ, ಅವರದೇ ಶೋ, ನಮ್ಮ ಊರು, ಅಷ್ಟೇ. ಈಗ ಡಬ್ಲ್ಯೂಡಬ್ಲ್ಯೂಇ ಟಿಎನ್‌ಎಯಿಂದ ಜೋರ್ಡಿನ್ ಗ್ರೇಸ್‌ಳನ್ನು ಒಯ್ದದ್ದಕ್ಕೂ, ಆಗ ಟಿಎನ್‌ಎ ಪುಣೆಯಿಂದ ವೀರನನ್ನು ಒಯ್ದದ್ದಕ್ಕೂ ನನಗೇನೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಹುಡುಗನಿಗೆ ಒಳ್ಳೆಯದೇ ಆಯಿತು. ಬಾಲೆವಾಡಿಗೆ ಏನೂ ಉಳಿಯಲಿಲ್ಲ.

ಹಾಗಾಗಿ ನಿಮಗೆ ನಾನು ಹೇಳುವುದಿಷ್ಟು: ಬೆಲ್ಟ್ ಹೋಗಿ ಬಂತು, ಅದರ ಲೆಕ್ಕ ಚುಕ್ತಾ. ಇನ್ನು ಮೇಲೆ ಜಗಳ ಆಡುವುದಾದರೆ ಕಾಂಟ್ರಾಕ್ಟ್ ಬಗ್ಗೆ ಆಡಿ. ಸ್ಲೇಟರ್‌ನಂಥವರು ಟಿಎನ್‌ಎಯಲ್ಲಿ ಎಷ್ಟು ವರ್ಷ ಉಳಿಯುತ್ತಾರೆ, ಹೋದವರ ಜಾಗಕ್ಕೆ ಬೇರೆಯವರನ್ನು ಬೆಳೆಸುವಷ್ಟು ಸಮಯ ಇವರಿಗೆ ಸಿಗುತ್ತದಾ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸದ್ಯಕ್ಕೆ ನಾನು ನಿಮ್ಮ ಕಡೆಗೆ ವಾಲಿದ್ದೇನೆ, ಆದರೆ ಕೂದಲೆಳೆಯಷ್ಟು ಮಾತ್ರ.

ಅಂದ ಹಾಗೆ ಬಾಲೆವಾಡಿಯ ಆ ಶೋಗಳಿಗೆ ಹೋದ ಪುಣೆ ಕನ್ನಡಿಗರು ಯಾರಾದರೂ ಇದ್ದರೆ ಬರೆಯಿರಿ. ಹಾಲ್ ಎಷ್ಟು ತುಂಬಿತ್ತು, ಜ್ಯಾರೆಟ್‌ಗೆ ಜನ ಏನೇನು ಬೈದರು, ಹಳೇ ಫೋಟೋ ಇದ್ದರೆ ಅದೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇನೆ.

— ಸಂ.