ಕೈಗೆ ಉಳಿಯುವುದೆಷ್ಟು?

ಮಂಡ್ಯದ ಓದುಗರೊಬ್ಬರ ಪತ್ರ: "ವಯಸ್ಸು 39. ವಿಚ್ಛೇದನವಾಗಿ ಮೂರು ವರ್ಷ. ಸಂಬಳ 34,000 ರೂಪಾಯಿ. ಈಚೆಗೆ ಮೈಸೂರಿನಲ್ಲಿ ಒಬ್ಬರನ್ನು ಭೇಟಿಯಾದೆ, ಅವರೂ ವಿಚ್ಛೇದಿತೆ. ಕಾಫಿ ಆರುವ ಮೊದಲೇ 'ತಿಂಗಳಿಗೆ ಕೈಗೆ ಉಳಿಯುವುದೆಷ್ಟು?' ಎಂದರು. ಸಂಬಳ ಹೇಳಿ ಎದ್ದು ಬಂದೆ. ಒಮ್ಮೆ ನೊಂದವರೂ ದುಡ್ಡನ್ನೇ ನೋಡಬೇಕೆ? ಜೀವನಾಂಶದ ಸುದ್ದಿ ಎತ್ತಬೇಡಿ ಎಂದು ದಲ್ಲಾಳಿ ಹೇಳಿದ್ದರು. ಮಾಜಿ ಪತ್ನಿ ಮರುಮದುವೆಯಾದರೆ ಈ ಹೊರೆ ತಪ್ಪುತ್ತದೆಯೇ?"

ಸಂಪಾದಕರ ಉತ್ತರ: ಕಾನೂನಿನ ಮಾತು ಮೊದಲು ಮುಗಿಸೋಣ. 1955ರ ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಂತೆ, ಜೀವನಾಂಶ ಪಡೆಯುತ್ತಿರುವವರು ಮರುಮದುವೆಯಾದರೆ ನೀವು ಅರ್ಜಿ ಹಾಕಬಹುದು. ಆದೇಶವನ್ನು ನ್ಯಾಯಾಲಯ ಬದಲಿಸಬಹುದು, ರದ್ದೂ ಮಾಡಬಹುದು. ತಾನಾಗಿ ನಿಲ್ಲುತ್ತದೆಂದು ನೀವೇ ನಿಲ್ಲಿಸಬೇಡಿ. ಜೀವನಾಂಶದಲ್ಲಿ ನಿಮ್ಮ ಮಗಳಿಗೆಂದು ಹೋಗುವ ಪಾಲಿಗೂ ತಾಯಿಯ ಮದುವೆಗೂ ಸಂಬಂಧವಿಲ್ಲ, ಅದನ್ನು ಕೊಡುತ್ತಿರಬೇಕು.

ಈಗ ಇದೇ ಕಲಮನ್ನು ಮೇಜಿನ ಆಚೆ ಕುಳಿತವರ ಕಡೆಯಿಂದ ಓದಿ. ಆಕೆಗೂ ತಿಂಗಳಿಗಿಷ್ಟು ಎಂದು ಬರುತ್ತಿರಬಹುದು. ನೀವು ಕೇಳಲಿಲ್ಲ, ಹಾಗಾಗಿ ನಿಮಗೂ ತಿಳಿಯದು, ನಮಗೂ ತಿಳಿಯದು. ಬರುತ್ತಿದ್ದರೆ, ನಿಮ್ಮ ಕೈ ಹಿಡಿದ ಮೇಲೆ ಅದು ನಿಂತೇಹೋಗಬಹುದು. ನಿಮಗೆ ಇಳಿಯುವ ಹೊರೆ ಎನಿಸುವುದು ಆಕೆಗೆ ಕೈತಪ್ಪುವ ಅನ್ನ. ಗೊತ್ತಿರುವ ಹಣ ಬಿಟ್ಟು ಗೊತ್ತಿಲ್ಲದ ಮನೆಗೆ ಬರಬೇಕಾದವರು ಲೆಕ್ಕ ಕೇಳಿದರೆ ಅದನ್ನು ದುರಾಸೆ ಎನ್ನಲು ನಮಗೆ ಮನಸ್ಸು ಬರುವುದಿಲ್ಲ. ಸಂಬಳ ಎಷ್ಟು ಎಂದು ಆಕೆ ಕೇಳಲಿಲ್ಲ, ನೋಡಿ. ಉಳಿಯುವುದೆಷ್ಟು ಎಂದರು. ಒಂದು ಸಂಸಾರ ನಡೆಸಿದವರ ಪ್ರಶ್ನೆ ಅದು.

ಆದಾಯ ನೋಡಿ ಗಂಡನ್ನು ಒಪ್ಪುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹೆಣ್ಣು ಸಿಗಲಿ ಎಂದು ಮದ್ದೂರು ತಾಲ್ಲೂಕಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಯುವಕರು 2023ರಲ್ಲಿ ಪಾದಯಾತ್ರೆ ಹೋಗಿದ್ದನ್ನು ನೀವೂ ಓದಿರುತ್ತೀರಿ. ಮೊದಲ ಮದುವೆಗೇ ಆ ಪಾಡು. ದುಡಿಯುವ ವಿಚ್ಛೇದಿತೆಯರ ಗೋಳು ಬೇರೆ: ಸಂಬಳ ಚೆನ್ನಾಗಿದ್ದರೆ 'ಹೇಳಿದ ಮಾತು ಕೇಳುವಳೇ' ಎಂಬ ಅನುಮಾನ, ಜೊತೆಗೆ 'ಮನೆ ಯಾರ ಹೆಸರಿನಲ್ಲಿದೆ' ಎಂಬ ವಿಚಾರಣೆ. ಆಗ ಗಂಡಸರಿಗೆ ದುಡ್ಡಿನ ಮಾತು ಒರಟೆನಿಸುವುದಿಲ್ಲ!

ದಲ್ಲಾಳಿಯ ಸಲಹೆಯಂತೂ ಕೆಟ್ಟದ್ದು. ಅವರಿಗೆ ಕಮಿಷನ್ ಮದುವೆಯ ದಿನವೇ ಸಿಗುತ್ತದೆ. ಜೀವನಾಂಶದ ಹಣ ನಿಮ್ಮ ಖಾತೆಯಿಂದ ಪ್ರತಿ ತಿಂಗಳೂ ಹೋಗುತ್ತದೆ. ಮೊದಲ ತಿಂಗಳ ಪಾಸ್‌ಬುಕ್ಕಿನಲ್ಲೇ ಹೊಸ ಹೆಂಡತಿಗೆ ಕಾಣುತ್ತದೆ.

ಇನ್ನೊಂದು ವಿಷಯ. ನಿಮ್ಮ ಪತ್ರದ ಹಿಂಬದಿಯಲ್ಲಿ ಪೆನ್ಸಿಲಿನ ಲೆಕ್ಕವೊಂದಿದೆ. ನೀವು ಗಮನಿಸದೆ ಕಳುಹಿಸಿದಿರೇನೋ. 34,000ದಲ್ಲಿ ಜೀವನಾಂಶ, ಮಗಳದ್ದೂ ಸೇರಿ, 9,000. ಸಾಲದ ಕಂತು 7,200. ಅಮ್ಮನ ಔಷಧಿ 2,500. ಕೆಳಗೆ ಗೆರೆ ಎಳೆದು 15,300 ಎಂದು ಬರೆದು, ಹೊಡೆದು, ಮತ್ತೆ ಅದನ್ನೇ ಬರೆದಿದ್ದೀರಿ. ಮೈಸೂರಿನಲ್ಲಿ ನಿಮ್ಮನ್ನು ಕೇಳಿದ್ದು ಇಷ್ಟನ್ನೇ. ಅವರು ಬೇಡವೆಂದರು ಎಂದು ಪತ್ರದಲ್ಲೆಲ್ಲೂ ಇಲ್ಲ. ಎದ್ದು ಬಂದವರು ನೀವು. ಹಾಳೆಯನ್ನು ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇವೆ, ನಿಮಗೆ ಬೇಕಾಗಬಹುದು.